ದುಡಿಮೆಯ ನುಡಿಗಟ್ಟುಗಳು: ಕೆರೆಸೀಮೆಯ ಚರಿತ್ರೆಗೆ ಒಂದು ಆಧಾರ

ಅರಸರ ವಂಶಾವಳಿಗಳಿಗೂ ದಾನದತ್ತಿಗಳಿಗೂ ಶಾಸನಗಳು ಹೇಗೆ ಆಧಾರವೋ, ದುಡಿದು ಬಾಳಿದ ಜನರ ಚರಿತ್ರೆಗೆ ಅವರ ಆಡುಮಾತೂ ಹಾಗೆಯೇ ಒಂದು ಆಧಾರವಾಗಬಲ್ಲುದು. ಅರಸನು ಕಲ್ಲಿನ ಮೇಲೆ ಬರೆಯಿಸಿದನು. ಆಳಿಗೆ ಬರೆಯಿಸುವ ಅನುಕೂಲವಿರಲಿಲ್ಲ. ಆದರೆ ಅವನ ಪಾಡು ಗಾದೆಗಳಲ್ಲಿ, ಬೈಗುಳಗಳಲ್ಲಿ, ದಿನಬಳಕೆಯ ನುಡಿಗಟ್ಟುಗಳಲ್ಲಿ ಉಳಿದುಬಂದಿದೆ. ಈ ದೃಷ್ಟಿಯಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಸೀಮೆಯ ಕೆಲವು ಮಾತುಗಳನ್ನು ಇಲ್ಲಿ ವಿಚಾರಿಸುತ್ತೇವೆ.

ಈ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟದಲ್ಲಿ ಇವುಗಳ ಶಾಸನಗಳು ಅಡಕವಾಗಿವೆ. ನಂದಿಬೆಟ್ಟದ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲಿಲ್ಲ. ಆದುದರಿಂದ ಬೇಸಾಯವು ಕೆರೆಗಳನ್ನೇ ನಂಬಿ ಬೆಳೆಯಿತು. ಕೆರೆಯನ್ನು ಕಟ್ಟಿಸಿದವರಿಗೂ ದುರಸ್ತಿ ಮಾಡಿಸಿದವರಿಗೂ ಬಿಟ್ಟ ಭೂಮಿಗೆ ಕಟ್ಟುಗೊಡಗೆ ಎಂದೂ, ಅಂಥವರಿಗೆ ಸಲ್ಲುತ್ತಿದ್ದ ಹತ್ತನೆಯ ಒಂದು ಪಾಲಿಗೆ ದಶವಂದ ಎಂದೂ ಹೆಸರು.

ಇಲ್ಲಿ ವ್ಯಾಕರಣದ ಒಂದು ಸಂಗತಿಯನ್ನು ಗಮನಿಸಬೇಕು. ಶಾಸನಗಳು ಸಾಮಾನ್ಯವಾಗಿ ಇಂಥವನು ಕೆರೆಯನ್ನು ‘ಕಟ್ಟಿಸಿದನು’ ಎನ್ನುತ್ತವೆಯೇ ಹೊರತು ‘ಕಟ್ಟಿದನು’ ಎನ್ನುವುದಿಲ್ಲ. ಮಣ್ಣು ಹೊತ್ತ ನೂರಾರು ಮಂದಿ ‘ಇಸು’ ಎಂಬ ಆ ಒಂದು ಪ್ರತ್ಯಯದಲ್ಲಿ ಅಡಗಿಹೋಗಿದ್ದಾರೆ. ನಾವು ಬರೆಯುವ ಚರಿತ್ರೆಯ ಪಾಠಗಳೂ ಇದೇ ಪ್ರೇರಣಾರ್ಥಕ ಕ್ರಿಯಾಪದವನ್ನು ಬಳಸಿ ಮುಂದೆ ಸಾಗುತ್ತವೆ.

ಅಡಗಿದವರ ಸುಳಿವನ್ನು ಕೊಡುವ ಮಾತು ‘ಬಿಟ್ಟಿ’. ಇದು ಸಂಸ್ಕೃತದ ‘ವಿಷ್ಟಿ’ಯ ತದ್ಭವ, ಕೂಲಿಯಿಲ್ಲದೆ ಪ್ರಭುತ್ವಕ್ಕೆ ಮಾಡಲೇಬೇಕಾದ ದುಡಿಮೆ ಎಂದು ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಪ್ರಸ್ತಾಪವಿದೆ. ಕ್ರಿ.ಶ. 150ರ ಸುಮಾರಿನ ಜುನಾಗಢದ ಶಾಸನದಲ್ಲಿ ಕ್ಷತ್ರಪ ರುದ್ರದಾಮನನು ಸುದರ್ಶನ ಸರೋವರವನ್ನು ಕರ, ವಿಷ್ಟಿಗಳಿಂದ ಪ್ರಜೆಗಳನ್ನು ಪೀಡಿಸದೆ ಸರಿಪಡಿಸಿದೆನೆಂದು ಹೇಳಿಕೊಂಡಿದ್ದಾನೆ. ಪೀಡಿಸದಿದ್ದುದೇ ಹೊಗಳಿಕೆಗೆ ಕಾರಣವಾದರೆ, ಪೀಡಿಸುವುದೇ ವಾಡಿಕೆಯಾಗಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಮುಂದೆ ಪಾರಸಿಯ ‘ಬೇಗಾರ್’ ಬಂದು ಸೇರಿ ‘ಬಿಟ್ಟಿ ಬೇಗಾರಿ’ ಎಂಬ ಜೋಡುನುಡಿಯಾಯಿತು. ತೆಲುಗು ಮನೆಮಾತಾಗಿರುವವರು ಹೆಚ್ಚಾಗಿರುವ ಚಿಂತಾಮಣಿಯ ಕಡೆ ಇದೇ ಪದ ‘ವೆಟ್ಟಿ ಚಾಕಿರಿ’ ಎಂಬ ರೂಪದಲ್ಲಿ ಪರಿಚಿತವಾಗಿದೆ.

ಈ ಪದದ ಈಚಿನ ಗತಿಯು ಹೆಚ್ಚು ವಿಚಾರಣೀಯವಾದುದು. ಈಗ ನಾವು ‘ಬಿಟ್ಟಿ ಊಟ’, ‘ಬಿಟ್ಟಿ ಉಪದೇಶ’ ಎನ್ನುತ್ತೇವೆ; ಬೆಲೆ ಕೊಡದೆ ದೊರೆತದ್ದು ಎಂಬುದೇ ಅಲ್ಲಿಯ ಅರ್ಥ. ತಮಿಳಿನಲ್ಲಿಯಂತೂ ‘ವೆಟ್ಟಿ’ ಎಂದರೆ ಕೆಲಸಕ್ಕೆ ಬಾರದ್ದು, ವ್ಯರ್ಥ ಎಂದಾಗಿದೆ. ಕೊಟ್ಟವನ ಬೆವರನ್ನು ಹೇಳುತ್ತಿದ್ದ ಮಾತು ಪಡೆದವನ ಲಾಭವನ್ನು ಹೇಳತೊಡಗಿತು. ಅನ್ಯಾಯಕ್ಕೆ ಒಳಗಾದವನ ಹೆಸರು ಸೋಮಾರಿಯ ಪಾಲಾಯಿತು. ಇಷ್ಟಾದರೂ ‘ನಾನೇನು ನಿನಗೆ ಬಿಟ್ಟಿ ಸಿಕ್ಕಿದ್ದೇನೆಯೇ?’ ಎಂದು ಒಬ್ಬ ಆಳು ಸಿಡಿದು ಕೇಳಿದಾಗ ಹಳೆಯ ಅರ್ಥವು ಕ್ಷಣಕಾಲ ಕಣ್ತೆರೆಯುತ್ತದೆ.

ಇತರ ಮಾತುಗಳಲ್ಲಿಯೂ ಇಂಥದೇ ಪಲ್ಲಟವನ್ನು ಕಾಣಬಹುದು. ‘ಸಂಬಳ’ವು ಮೂಲತಃ ದಾರಿಯ ಬುತ್ತಿ. ‘ಕೂಲಿ’ಯು ದುಡಿಮೆಗೆ ಸಲ್ಲುವ ಪ್ರತಿಫಲ, ಕ್ರಮೇಣ ದುಡಿಯುವ ಮನುಷ್ಯನಿಗೇ ಅದು ಹೆಸರಾಯಿತು. ಆಂಗ್ಲ ಭಾಷೆಯ ‘ಕೂಲಿ’ಯೂ ಈ ದ್ರಾವಿಡ ಪದದಿಂದ ಬಂದುದೆಂದು ಒಂದು ಪಕ್ಷ; ಗುಜರಾತಿನ ಕೋಳಿ ಜನಾಂಗದ ಹೆಸರಿನಿಂದ ಬಂದುದೆಂದು ಇನ್ನೊಂದು. ‘ಮೈಗಳ್ಳ’ ಎಂಬ ಬೈಗುಳವಂತೂ ತನ್ನ ಮೈಯನ್ನು ತಾನೇ ಬಚ್ಚಿಟ್ಟುಕೊಂಡವನನ್ನು ಕಳ್ಳನೆನ್ನುತ್ತದೆ. ಹಾಗಾದರೆ ಆ ಮೈಯ ಒಡೆಯನು ಯಾರು? ಈ ಮಾತು ಒಡೆಯನ ಜಗಲಿಯ ಮೇಲೆ ಹುಟ್ಟಿತೆಂಬುದು ಸ್ಪಷ್ಟ. ‘ಆಳು ಮಾಡಿದ್ದು ಹಾಳು’ ಎಂಬ ಗಾದೆಯೂ ಅಲ್ಲಿಯದೇ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ಸ್ವಂತ ಗದ್ದೆಗೆ ಇಳಿದವನ ಮಾತಾಗಿರಬೇಕು. ಬಿಟ್ಟಿಯವನಿಗೆ ಕೆಸರು ಮಾತ್ರ ದಕ್ಕುತ್ತಿತ್ತು.

ಇದಕ್ಕೆ ಪ್ರತಿಯಾಗಿ ದುಡಿಯುವವರೇ ಕಟ್ಟಿದ ನುಡಿಯೂ ಈ ಸೀಮೆಯಲ್ಲಿದೆ. ಶಿಡ್ಲಘಟ್ಟದ ರೇಷ್ಮೆಯ ಮನೆಗಳಲ್ಲಿ ಹುಳು ಪೊರೆ ಕಳಚುವ ನಾಲ್ಕು ಅವಸ್ಥೆಗಳಿಗೆ ‘ಜ್ವರ’ವೆಂದು ಹೆಸರು, ಗೂಡು ಕಟ್ಟಲು ಸಿದ್ಧವಾದ ಹುಳು ‘ಹಣ್ಣಾಗುತ್ತದೆ’, ನೂಲು ತೆಗೆಯುವುದು ‘ಬಿಚ್ಚಾಣಿಕೆ’. ರಾತ್ರಿಯೆಲ್ಲ ಎದ್ದು ಸೊಪ್ಪು ಹಾಕಿದವರಿಗೆ ಮಾತ್ರ ಹುಳುವಿನ ಮೌನವು ಜ್ವರವಾಗಿ ಕಂಡೀತು. ಈ ಮಾತುಗಳಲ್ಲಿ ಬೈಗುಳವಿಲ್ಲ, ಆರೈಕೆಯಿದೆ. 12ನೆಯ ಶತಮಾನದ ಶರಣರು ‘ಕಾಯಕ’ಕ್ಕೆ ತಂದುಕೊಟ್ಟ ಗೌರವವನ್ನು ಇವು ಸದ್ದಿಲ್ಲದೆ ಉಳಿಸಿಕೊಂಡಿವೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೆಯ ಅನುಚ್ಛೇದವು ಬೇಗಾರನ್ನು ನಿಷೇಧಿಸಿತು. 1976ರ ಶಾಸನವು ಜೀತವನ್ನು ರದ್ದುಪಡಿಸಿತು. ಪದ್ಧತಿಯು ಕಾನೂನಿನಲ್ಲಿ ಅಳಿದ ಮೇಲೂ ಅದರ ಮಾತು ನಾಲಗೆಯ ಮೇಲೆ ಉಳಿದಿದೆ, ಅರ್ಥವನ್ನು ಮರೆತುಕೊಂಡು. ಆ ಅರ್ಥವನ್ನು ನೆನಪಿಗೆ ತರುವುದು ಚರಿತ್ರಕಾರನ ಕರ್ತವ್ಯಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ. ಊರಿನ ಕೆರೆಯನ್ನು ಕಟ್ಟಿಸಿದವರು ಯಾರೆಂದು ಕಲ್ಲು ಹೇಳುತ್ತದೆ. ಕಟ್ಟಿದವರು ಯಾರೆಂಬ ಪ್ರಶ್ನೆಗೆ ಮಾತನ್ನೇ ಅಗೆಯಬೇಕಾಗಿದೆ.