ತಂತಿಬೇಲಿ ನಡೆದು ಬಂದ ದಾರಿ

ಬೇಲಿ ಕಟ್ಟುವುದು ನನ್ನ ಕಸುಬು. ಹೀಗಾಗಿ ಹಿಂದಿನ ಕಾಲದ ಅಮೆರಿಕದ ಹುಲ್ಲುಗಾವಲಿನ ರೈತರ ಪಾಡು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಮರ ಅಪರೂಪ, ಮರದ ಬೇಲಿ ದುಬಾರಿ. ನುಣುಪು ತಂತಿ ಬಿಸಿಲಿಗೆ ಜೋಲು ಬೀಳುತ್ತಿತ್ತು, ಚಳಿಗೆ ಬಿಗಿದು ತುಂಡಾಗುತ್ತಿತ್ತು. ದನ ಮೈ ಒತ್ತಿದರಂತೂ ಕೇಳುವುದೇ ಬೇಡ.

1873ರಲ್ಲಿ ಇಲಿನಾಯ್ ರಾಜ್ಯದ ಡಿಕಾಲ್ಬ್‌ನಲ್ಲಿ ನಡೆದ ಕೃಷಿ ಮೇಳದಲ್ಲಿ ಹೆನ್ರಿ ರೋಸ್ ಎಂಬಾತ ಚೂಪು ಮೊಳೆಗಳಿದ್ದ ಮರದ ಪಟ್ಟಿಯೊಂದನ್ನು ತೋರಿಸಿದ. ಅದನ್ನು ನೋಡಿದ ರೈತ ಜೋಸೆಫ್ ಗ್ಲಿಡನ್ ತಂತಿಯಲ್ಲೇ ಮುಳ್ಳು ಮಾಡಿದ. ಕಾಫಿ ಬೀಜ ಪುಡಿ ಮಾಡುವ ಯಂತ್ರದಲ್ಲಿ ಅದನ್ನು ಬಾಗಿಸಿದನಂತೆ. ಒಂದು ತಂತಿಗೆ ಮುಳ್ಳು ಸುತ್ತಿ, ಇನ್ನೊಂದನ್ನು ಅದರ ಜೊತೆ ಹುರಿ ಹಾಕಿದ. ಆ ಹುರಿಯೇ ಇದರ ಜೀವಾಳ: ಮುಳ್ಳು ಜಾರುವುದಿಲ್ಲ, ತಿರುಗುವುದಿಲ್ಲ. 1874ರ ನವೆಂಬರ್ 24ರಂದು ಅವನಿಗೆ ಪೇಟೆಂಟ್ ಸಿಕ್ಕಿತು.

ಈ ಬೇಲಿ ಜಗಳವನ್ನೂ ತಂದಿತು. ಟೆಕ್ಸಸ್‌ನಲ್ಲಿ 1883ರ ಹೊತ್ತಿಗೆ ರಾತ್ರೋರಾತ್ರಿ ತಂತಿ ಕತ್ತರಿಸುವವರ ಹಾವಳಿ ಎಷ್ಟಿತ್ತೆಂದರೆ, ಮರುವರ್ಷವೇ ಅದನ್ನು ಘೋರ ಅಪರಾಧವೆಂದು ಕಾನೂನು ಮಾಡಬೇಕಾಯಿತು. 1886ರ ಚಳಿಗಾಲದಲ್ಲಿ ಹಿಮಗಾಳಿಗೆ ಬೆನ್ನು ಕೊಟ್ಟು ದಕ್ಷಿಣಕ್ಕೆ ಸರಿದ ದನಗಳು ಬೇಲಿಗೆ ಸಿಕ್ಕು ರಾಶಿ ರಾಶಿ ಸತ್ತವು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅದೇ ದಶಕದಲ್ಲಿ ಮಿಷಿಗನ್‌ನ ಏಡ್ರಿಯನ್‌ನಲ್ಲಿ ಜೆ. ವಾಲೇಸ್ ಪೇಜ್ ಹೆಣೆದ ತಂತಿಯ ಬೇಲಿಯನ್ನು ಮಾರುಕಟ್ಟೆಗೆ ತಂದ. ಅದರ ಅಡ್ಡತಂತಿಗಳು ಸ್ಪ್ರಿಂಗ್‌ನಂತೆ ಸುರುಳಿ ಸುತ್ತಿದವು. ಹೋರಿ ಗುದ್ದಿದರೆ ಬಗ್ಗಿ, ಮತ್ತೆ ಬಿಗಿಯಾಗುತ್ತವೆ. ಮೈ ಗೀರದೆ ತಡೆಯುವ ಬೇಲಿಯೇ ನನಗೆ ಮೆಚ್ಚು. ಬಲವಾದ ರಾಸು ಸಾಕುವವರಿಗೆ ನಾನು ಹೇಳುವುದು ಇಷ್ಟೆ: ಹೆಣೆದ ತಂತಿ ಹಾಕಿಸಿ, ಮೂಲೆಗಂಬವನ್ನು ಆಳಕ್ಕೆ ಹೂಳಿಸಿ.