ನೀರಿನಡಿಯ ಐದು ಗಂಟೆ

ಯುದ್ಧದ ಸಿನಿಮಾ ಎಂದರೆ ಮೂಗು ಮುರಿಯುವವಳು ನಾನು. ಗುಂಡು, ಹೊಗೆ, ಚೀರಾಟ ಶುರುವಾದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಅಂಥ ನನ್ನನ್ನು ಮೂರು ಸಂಜೆ ಕುರ್ಚಿಗೆ ಕಟ್ಟಿಹಾಕಿದ್ದು ಒಂದು ಜರ್ಮನ್ ಚಿತ್ರ, ‘ದಾಸ್ ಬೋಟ್’. ದೋಣಿ ಎಂದಷ್ಟೇ ಅದರ ಅರ್ಥ.

1941ರ ಶರತ್ಕಾಲ. ಬ್ರಿಟನ್ನಿಗೆ ಧಾನ್ಯ, ಎಣ್ಣೆ, ಮದ್ದುಗುಂಡು ಎಲ್ಲವೂ ಹಡಗಿನಲ್ಲೇ ಬರಬೇಕು. ಆ ಹಡಗುಗಳನ್ನು ಮುಳುಗಿಸಿದರೆ ದ್ವೀಪ ತಾನಾಗಿ ಉಪವಾಸ ಬಿದ್ದು ಶರಣಾಗುತ್ತದೆ ಎಂಬುದು ಜರ್ಮನರ ಲೆಕ್ಕ. ಅದಕ್ಕಾಗಿ ಅಟ್ಲಾಂಟಿಕ್ ಸಾಗರದಲ್ಲಿ ಹೊಂಚುಹಾಕುತ್ತಿದ್ದ ಸಬ್‌ಮರೀನ್‌ಗಳಲ್ಲಿ ಯು-96 ಕೂಡ ಒಂದು. ಯುದ್ಧದ ವರದಿಗಾರನಾಗಿ ಅದರೊಳಗೆ ಹೋಗಿಬಂದ ಬುಖ್‌ಹೈಮ್ 1973ರಲ್ಲಿ ಕಾದಂಬರಿ ಬರೆದರು. ವೋಲ್ಫ್‌ಗಾಂಗ್ ಪೀಟರ್ಸನ್ 1981ರಲ್ಲಿ ಅದನ್ನು ಚಿತ್ರವಾಗಿಸಿದರು.

ನನ್ನನ್ನು ಹಿಡಿದದ್ದು ಯುದ್ಧವಲ್ಲ, ಆ ದೋಣಿಯ ಸಂಸಾರ. ಸುಮಾರು 67 ಮೀಟರ್ ಉದ್ದದ ಕೊಳವೆಯಲ್ಲಿ ಐವತ್ತು ಜನ. ಎರಡು ಶೌಚಾಲಯಗಳಲ್ಲಿ ಒಂದರ ತುಂಬ ದಿನಸಿ ತುಂಬಿದ್ದಾರೆ. ಉಳಿದ ಒಂದರ ಮುಂದೆ ಸರದಿ! ಒಬ್ಬ ಎದ್ದ ಹಾಸಿಗೆ ಆರುವ ಮೊದಲೇ ಇನ್ನೊಬ್ಬ ಬಂದು ಮಲಗಬೇಕು. ರೊಟ್ಟಿಗೆ ಬೂಷ್ಟು ಹಿಡಿಯುತ್ತದೆ, ಕೆರೆದು ತಿನ್ನುತ್ತಾರೆ. ಹೆಚ್ಚಿನವರು ನಮ್ಮ ಪಿಯುಸಿ ಮುಗಿಸಿ ಒಂದೆರಡು ವರ್ಷ ಕಳೆದ ಹುಡುಗರಷ್ಟು ಎಳೆಯರು. ಕ್ಯಾಪ್ಟನ್‌ನನ್ನು ಇವರು ಕರೆಯುವುದು ‘ಮುದುಕ’ ಎಂದು. ನಿಜವಾದ ಯು-96ರ ಕ್ಯಾಪ್ಟನ್‌ಗೆ ಆಗ ಸುಮಾರು ಮೂವತ್ತು ವರ್ಷ ಅಷ್ಟೇ.

ಮೊದಲ ಸಲ ನೋಡಿದ್ದು ಬಹಳ ಹಿಂದೆ, ತಮ್ಮ ಮುಂಬಯಿಯಿಂದ ತಂದ ಕ್ಯಾಸೆಟ್ಟಿನಲ್ಲಿ. ಅದು ಥಿಯೇಟರಿಗಾಗಿ ಕತ್ತರಿಸಿದ ಎರಡೂವರೆ ಗಂಟೆಯ ಚಿತ್ರ. ನನಗೆ ಅದು ಓಟದ ಹಾಗೆ ಕಂಡು ಮರೆತೂ ಹೋಗಿತ್ತು. ಮೂಲದಲ್ಲಿ ಪೀಟರ್ಸನ್ ತೆಗೆದದ್ದು ಟೆಲಿವಿಷನ್‌ಗೂ ಸಾಲುವಷ್ಟು. 1985ರಲ್ಲಿ ಜರ್ಮನ್ ದೂರದರ್ಶನದಲ್ಲಿ ಸುಮಾರು ಐದು ಗಂಟೆಯ ಧಾರಾವಾಹಿಯಾಗಿ ಬಂತು. 1997ರಲ್ಲಿ ಅವರೇ ಮತ್ತೆ ಕೂತು, ಶಬ್ದವನ್ನೆಲ್ಲ ಹೊಸದಾಗಿ ಕೂಡಿಸಿ, 209 ನಿಮಿಷಕ್ಕೆ ಹೊಂದಿಸಿದರು, ಅದು ಡಿವಿಡಿಯಾಯಿತು. ಆಮೇಲೆ ಐದು ಗಂಟೆಯದೂ ಡಿವಿಡಿಯಲ್ಲಿ ಬಂತು. ಮಗ ತಂದುಕೊಟ್ಟದ್ದು ಅದನ್ನು.

ಹೆಚ್ಚಿಗೆ ಸಿಕ್ಕಿದ್ದೇನು ಅಂತೀರಾ? ಕಾಯುವುದು. ವಾರಗಟ್ಟಲೆ ಒಂದು ಹಡಗೂ ಕಾಣದೆ, ಬಿರುಗಾಳಿಯಲ್ಲಿ ಹೊರಳಾಡುತ್ತ, ಹಳಸಿದ ಜೋಕುಗಳನ್ನೇ ಮತ್ತೆ ಹೇಳಿಕೊಳ್ಳುತ್ತ ಕಾಯುವುದು. ಥಿಯೇಟರಿಗೆ ಬೇಡವಾದ ಆ ಬೇಸರವೇ ಮನೆಯಲ್ಲಿ ನನಗೆ ಬೇಕಾಯಿತು. ಸಾರು ಇಳಿಸಲು ನಿಲ್ಲಿಸಿ, ಮತ್ತೆ ಬಂದು ಕೂತು, ಎರಡನೆಯ ದಿನಕ್ಕೆ ಅವರೆಲ್ಲ ನನ್ನ ಕ್ಲಾಸಿನವರೇ ಆಗಿಬಿಟ್ಟರು. ಫ್ರೆಂಚ್ ಹುಡುಗಿಗೆ ಪತ್ರ ಬರೆದು ಬರೆದು ಅಂಚೆಗೆ ಹಾಕಲಾಗದೆ ಗುಡ್ಡೆ ಮಾಡಿಟ್ಟುಕೊಂಡ ಹುಡುಗನೊಬ್ಬನಿದ್ದಾನೆ. ಅವಳು ಬಸುರಿ. ಶತ್ರುದೇಶದವನ ಮಗುವನ್ನು ಹೊತ್ತವಳನ್ನು ಊರಿನವರು ಏನು ಮಾಡಿಯಾರೋ ಎಂದು ಅವನಿಗೆ ಭಯ. ಮೇಲೆ ಬಾಂಬು ಬಿದ್ದಾಗಲೆಲ್ಲ ನಾನು ಅವನನ್ನೇ ಹುಡುಕುತ್ತಿದ್ದೆ.

40,000 ಜನ ಸಬ್‌ಮರೀನ್ ನಾವಿಕರಲ್ಲಿ 30,000 ಜನ ಮರಳಲಿಲ್ಲ ಎಂಬ ಬರಹ ಚಿತ್ರದ ಆರಂಭದಲ್ಲಿ ಬರುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಮೊದಲು ತೋರಿಸಿದಾಗ ಅದನ್ನು ಓದಿ ಜನ ಚಪ್ಪಾಳೆ ತಟ್ಟಿದರಂತೆ. ಮುಗಿದಾಗ ಅದೇ ಜನ ಎದ್ದು ನಿಂತು ಚಿತ್ರವನ್ನು ಮೆಚ್ಚಿದರಂತೆ. ಪೀಟರ್ಸನ್ ಅವರೇ ಹೇಳಿಕೊಂಡ ಮಾತು ಇದು. ಬುಖ್‌ಹೈಮ್‌ಗೆ ಮಾತ್ರ ಚಿತ್ರ ಒಪ್ಪಿಗೆಯಾಗಲಿಲ್ಲ.

ನಾನೂ ಎರಡು ದಿನ ಆ ಚಪ್ಪಾಳೆಯವರೊಂದಿಗೇ ಇದ್ದೆ ಎನ್ನಿ. ಆದರೆ ನಡುವೆ ಒಂದು ರಾತ್ರಿಯ ದೃಶ್ಯವಿದೆ. ಉರಿಯುತ್ತಿರುವ ಎಣ್ಣೆಹಡಗು. ಅದನ್ನು ಪೂರ್ತಿ ಮುಳುಗಿಸಲು ಇನ್ನೊಂದು ಟಾರ್ಪೆಡೊ ಬಿಟ್ಟ ಮೇಲೆ ನೋಡಿದರೆ ಅದರಲ್ಲಿನ್ನೂ ಮನುಷ್ಯರಿದ್ದಾರೆ! ನೀರಿಗೆ ಹಾರಿ, ಕೂಗುತ್ತ, ಇವರತ್ತಲೇ ಈಜಿ ಬರುತ್ತಾರೆ. ಕ್ಯಾಪ್ಟನ್ ದೋಣಿಯನ್ನು ಹಿಂದಕ್ಕೆ ತೆಗೆಸುತ್ತಾನೆ. ಐದು ಗಂಟೆಯಲ್ಲಿ ಅವರ ಪಾಲಿಗೆ ಬಂದದ್ದು ಕೆಲವೇ ನಿಮಿಷ. ನಿಜವಾದ ಯು-96 ಮುಳುಗಿಸಿದ ಹಡಗುಗಳು 27.

ಬ್ರಿಟಿಷ್ ಸರಕುಹಡಗುಗಳಲ್ಲಿ ಆಗ ನಮ್ಮವರೂ ಹತ್ತಾರು ಸಾವಿರ ಜನ ದುಡಿಯುತ್ತಿದ್ದರು. ಲಸ್ಕರರೆಂದು ಹೆಸರು; ಹಲವರದು ತಳದ ಎಂಜಿನ್ ಕೋಣೆಯಲ್ಲಿ ಬೆಂಕಿಯೆದುರಿನ ಕೆಲಸ, ಟಾರ್ಪೆಡೊ ಬಡಿಯುವುದೂ ಅಲ್ಲಿಗೇ. ಆ ಯುದ್ಧದಲ್ಲಿ ಸತ್ತ ಭಾರತೀಯ ನಾವಿಕರು 6,000ಕ್ಕೂ ಹೆಚ್ಚು.

ಹೊನ್ನಾವರದ ಕಡೆ ನಮ್ಮ ತೌರಿನ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳ ಗಂಡ ಬೊಂಬಾಯಿಗೆ ಹೋಗಿ ಹಡಗು ಹತ್ತಿದ್ದನಂತೆ, 1941ರಲ್ಲೋ 42ರಲ್ಲೋ. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅದಕ್ಕೆ ನಲವತ್ತು ವರ್ಷವಾಗಿತ್ತು. ಆದರೂ ಅಜ್ಜಿ ಹಣೆಗೆ ಕುಂಕುಮ ಇಡುತ್ತಿದ್ದಳು, ತಲೆತುಂಬ ಅಬ್ಬಲಿಗೆ ಮುಡಿಯುತ್ತಿದ್ದಳು. ಊರ ಹೆಂಗಸರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ನಾವು ಹುಡುಗಿಯರೂ ನಕ್ಕಿದ್ದೇವೆ. ಒಮ್ಮೆ ನಮ್ಮಮ್ಮ ಕೇಳಿಯೇಬಿಟ್ಟಾಗ ಅವಳು ಹೇಳಿದ್ದು ಇಷ್ಟೇ: “ಕಾಗದ ಬರಲಿಲ್ಲವಲ್ಲ ತಂಗಿ.”

ಮೂರನೆಯ ಸಂಜೆ ನಾನು ಆ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಹಾಕಿದೆ. ಬೆಂಕಿಯ ಬೆಳಕಿನಲ್ಲಿ ತಲೆಗಳು, ಕೈಗಳು. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮುಖ ಒಂದೂ ಸ್ಪಷ್ಟವಾಗಲಿಲ್ಲ. “ಅಮ್ಮಾ, ಡಿಸ್ಕ್ ಹಾಳಾಗಿದೆಯಾ, ಅಲ್ಲೇ ನಿಂತಿದೆಯಲ್ಲ?” ಎಂದು ಮಗ ಒಳಗಿನಿಂದ ಕೂಗಿದ.