ನ್ಯೂಯಾರ್ಕ್ ಕೌಂಟಿಗಳಲ್ಲಿ ಮಾದಕವಸ್ತು ಮಾರಾಟ ಮತ್ತು ಶಿಕ್ಷೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ಅವರ ಒತ್ತಾಸೆಯಿಂದ 1973ರಲ್ಲಿ ಜಾರಿಗೆ ಬಂದ ಕಾನೂನುಗಳು, ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ, ಅಥವಾ ಅದಕ್ಕಿಂತ ಹೆಚ್ಚು ಹೆರಾಯಿನ್ ಇಲ್ಲವೇ ಕೊಕೇನ್ ಮಾರಿದವರಿಗೆ ಕನಿಷ್ಠ 15 ವರ್ಷಗಳಿಂದ ಜೀವಾವಧಿಯವರೆಗಿನ ಸೆರೆವಾಸವನ್ನು ಕಡ್ಡಾಯಗೊಳಿಸಿದವು. ಕನಿಷ್ಠ ಶಿಕ್ಷೆಯನ್ನು ಶಾಸನವೇ ಗೊತ್ತುಪಡಿಸಿದ್ದರಿಂದ, ಆರೋಪಿಯ ವಯಸ್ಸು, ವ್ಯಸನ, ಹಿನ್ನೆಲೆಗಳನ್ನು ತೂಗಿ ನೋಡುವ ನ್ಯಾಯಾಧೀಶರ ವಿವೇಚನಾಧಿಕಾರ ಕುಗ್ಗಿತು. ಯಾವ ಆರೋಪ ಹೊರಿಸಬೇಕು, ಯಾವುದನ್ನು ತಗ್ಗಿಸಬೇಕು ಎಂಬ ನಿರ್ಧಾರವು ಆಯಾ ಕೌಂಟಿಯ, ಅಂದರೆ ರಾಜ್ಯದೊಳಗಿನ ಜಿಲ್ಲಾಸದೃಶ ಆಡಳಿತ ಘಟಕದ, ಚುನಾಯಿತ ಸರ್ಕಾರಿ ಅಭಿಯೋಜಕರ ಕೈಸೇರಿತು. ಹೀಗಾಗಿ ತಪ್ಪೊಪ್ಪಿಗೆ ಒಪ್ಪಂದವು, ಅಂದರೆ ಲಘು ಆರೋಪಕ್ಕೆ ಪ್ರತಿಯಾಗಿ ಆರೋಪಿಯು ವಿಚಾರಣೆಯ ಹಕ್ಕನ್ನು ಬಿಟ್ಟುಕೊಡುವ ಕ್ರಮವು, ಪ್ರಕರಣದ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸತೊಡಗಿತು.

ಈ ಕಾಠಿಣ್ಯದ ಹೊರೆ ದೊಡ್ಡ ವ್ಯಾಪಾರಿಗಳಿಗಿಂತ ಬೀದಿಯ ಸಣ್ಣ ಮಾರಾಟಗಾರರ ಮೇಲೆ, ವಿಶೇಷವಾಗಿ ಬಡ ಕಪ್ಪು ಮತ್ತು ಲ್ಯಾಟಿನೋ ಸಮುದಾಯಗಳ ಮೇಲೆ, ಬಿದ್ದದ್ದು ಆ ರಾಜ್ಯದ ನ್ಯಾಯಾಂಗ ಚರಿತ್ರೆಯ ಘೋರ ಅನ್ಯಾಯಗಳಲ್ಲಿ ಒಂದು. 2004ರ ತಿದ್ದುಪಡಿಯು ಜೀವಾವಧಿಯವರೆಗಿನ ಅನಿಶ್ಚಿತ ಶಿಕ್ಷೆಗಳ ಬದಲಿಗೆ ನಿಶ್ಚಿತ ಅವಧಿಗಳನ್ನು ತಂದರೆ, 2009ರ ಸುಧಾರಣೆಯು ಅನೇಕ ಕಡ್ಡಾಯ ಶಿಕ್ಷೆಗಳನ್ನು ತೆಗೆದುಹಾಕಿ, ಅರ್ಹ ವ್ಯಸನಿಗಳನ್ನು ಸೆರೆಮನೆಯ ಬದಲು ಚಿಕಿತ್ಸೆಗೆ ಕಳುಹಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಮರಳಿಸಿತು. ಶಿಕ್ಷೆಯು ವಸ್ತುವಿನ ತೂಕವನ್ನಷ್ಟೇ ಅಲ್ಲದೆ ಮನುಷ್ಯನ ಪರಿಸ್ಥಿತಿಯನ್ನೂ ಪರಿಗಣಿಸಬೇಕೆಂಬ ತತ್ತ್ವಕ್ಕೆ ಶಾಸನದಲ್ಲಿ ಮತ್ತೆ ಸ್ಥಾನ ದೊರೆಯಲು ಮೂರೂವರೆ ದಶಕಗಳೇ ಬೇಕಾದವು.